ಇನ್ನೂರ ಹದಿನೇಳನೇ ಸಾಲು

ಕರೆಂಟು ಹನ್ನೊಂದಕ್ಕೆ ಬರುತ್ತದೆ, ಅವರು ಬರುವುದು ಹನ್ನೊಂದೂವರೆಗೆ. ನಡುವಿನ ಅರ್ಧ ಗಂಟೆ ಸಾಕು ಎಂದು ಅನ್ನಪೂರ್ಣಾ ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಕಂಪ್ಯೂಟರಿನಲ್ಲಿ ಬೀಗ ಹಾಕಿಟ್ಟಿದ್ದ ಪಟ್ಟಿಯನ್ನು ತೆರೆಯುವುದು, ಇನ್ನೂರ ಹದಿನೇಳನೇ ಸಾಲನ್ನಷ್ಟೇ ಎತ್ತಿ ಬೇರೆ ಹಾಳೆಗೆ ಹಾಕುವುದು, ಉಳಿದದ್ದನ್ನು ಮತ್ತೆ ಮುಚ್ಚಿಬಿಡುವುದು. ಬಂದವರಿಗೆ ಆ ಒಂದು ಸಾಲು ತೋರಿಸಿದರೆ ಮುಗಿಯಿತು. ಕೆಲಸ ಅಷ್ಟೇ ಆದರೂ ಅವಳು ಎರಡು ಸಲ ಕಸ ಗುಡಿಸಿದಳು, ಒಲೆಯ ಮೇಲಿಟ್ಟ ಹಾಲು ಉಕ್ಕಿಸಿದಳು, ಕತ್ತಲು ಪರದೆಯ ಎದುರು ಕೂತು ಅದರಲ್ಲಿ ಮಂಕಾಗಿ ಕಾಣುತ್ತಿದ್ದ ತನ್ನ ಮುಖವನ್ನು ದಿಟ್ಟಿಸಿದಳು. ಇಷ್ಟೆಲ್ಲ ಆದದ್ದು ಈ ಮುಖದಿಂದ. ಬಾಯಿ ಒಂದು ಅಕ್ಷರವನ್ನೂ ಬಿಟ್ಟುಕೊಟ್ಟಿರಲಿಲ್ಲ. ಮುಖಕ್ಕೆ ಮಾತ್ರ ಹೇಗೆ ಬೀಗ ಹಾಕಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಬೈಲಹೊಂಗಲದಲ್ಲಿ ಒಂದು ಸಂಸ್ಥೆ ನಡೆಸುತ್ತಿದ್ದ ರಕ್ತಪರೀಕ್ಷೆಯ ಕೇಂದ್ರದಲ್ಲಿ ಅವಳು ಆಪ್ತಸಮಾಲೋಚಕಿ. ಬಂದವರನ್ನು ಕೂಡಿಸಿಕೊಂಡು ಎಚ್‌ಐವಿ ಎಂದರೇನು, ಹೇಗೆ ಬರುತ್ತದೆ, ಬಂದರೆ ಹೇಗೆ ಬದುಕಬೇಕು ಎಂದು ಹೇಳುವುದು ಅವಳ ಕೆಲಸ. ಜನ ಆ ಹೆಸರು ಹೇಳುತ್ತಿರಲಿಲ್ಲ. ‘ಆ ಬ್ಯಾನಿ’ ಎಂದು ದನಿ ತಗ್ಗಿಸುತ್ತಿದ್ದರು. ಪರೀಕ್ಷೆಯ ಚೀಟಿಯ ಮೇಲೆ ಹೆಸರಿರುತ್ತಿರಲಿಲ್ಲ, ಬರೀ ನಂಬರು. ಯಾವ ನಂಬರು ಯಾರದು ಎನ್ನುವುದು ಅವಳ ಹತ್ತಿರ ಮಾತ್ರ. ಮೊದಲು ಅದು ಕೆಂಪು ರಟ್ಟಿನ ರಿಜಿಸ್ಟರಿನಲ್ಲಿತ್ತು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅದನ್ನು ಮೇಜಿನ ಮೇಲೆ ತೆರೆದಿಟ್ಟು ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋಗಿದ್ದಳು. ಹತ್ತು ನಿಮಿಷ. ಅಷ್ಟರಲ್ಲಿ ಯಾರು ಬಂದು ನೋಡಿದರೋ ಇವತ್ತಿಗೂ ಗೊತ್ತಿಲ್ಲ. ವಾರದೊಳಗೆ ಹೂಲಿಯ ಬಾಯವ್ವನ ಸುದ್ದಿ ಅವಳ ಓಣಿಯಲ್ಲಿತ್ತು, ತಿಂಗಳೊಳಗೆ ಬಾಯವ್ವನ ಹಾಸಿಗೆ ದನದ ಕೊಟ್ಟಿಗೆಯಲ್ಲಿತ್ತು, ಮಳೆಗಾಲ ಮುಗಿಯುವುದರೊಳಗೆ ಬಾಯವ್ವ ಮಲಪ್ರಭೆಯ ಕಾಲುವೆಯಲ್ಲಿ ಸಿಕ್ಕಳು. ಸಂಸ್ಥೆಯಲ್ಲಿ ಯಾರೂ ಅನ್ನಪೂರ್ಣಾಳನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಹಿತ್ತಲಿನಲ್ಲಿ ರಿಜಿಸ್ಟರನ್ನು ಅವಳೇ ಸುಟ್ಟಳು. ರಟ್ಟು ಬೇಗ ಉರಿಯಲಿಲ್ಲ, ಸೀಮೆಎಣ್ಣೆ ಹಾಕಬೇಕಾಯಿತು.

ಆಮೇಲೆ ಧಾರವಾಡದ ಕಚೇರಿಯಿಂದ ಸುಭಾಸ ಎಂಬ ಕಂಪ್ಯೂಟರಿನವನು ಬಂದ. ಕೇಂದ್ರದ ಕಂಪ್ಯೂಟರಿಗೆ ಹತ್ತು ಜನ ಕೈ ಹಾಕುತ್ತಾರೆ, ಪಟ್ಟಿ ಅಲ್ಲಿ ಬೇಡ, ನಿಮ್ಮ ಸ್ವಂತ ಮಷೀನಿನಲ್ಲೇ ಇರಲಿ ಎಂದ. ಅವಳು ಕೋಣೆಗೆ ಹಳೆಯ ಕಂಪ್ಯೂಟರೊಂದನ್ನು ತಂದುಕೊಂಡಿದ್ದಳು. ಸುಭಾಸ ಸಿಡಿ ಹಾಕಿ ಹೊಸ ಬ್ರೌಸರ್ ಇಳಿಸಿದ, ಆಮೇಲೆ ಬರೆದದ್ದನ್ನು ಯಾರಿಗೂ ಓದಲಾಗದ ಅಕ್ಷರ ಮಾಡಿ ಬೀಗ ಹಾಕುವ ಒಂದೇ ಒಂದು ಪುಟವನ್ನು ಡಿಸ್ಕಿನಲ್ಲಿ ಉಳಿಸಿ, ಫೋನಿನ ತಂತಿ ಕಿತ್ತು ಕೈಯಲ್ಲಿ ಹಿಡಿದುಕೊಂಡು ಹೇಳಿದ. “ಇದಕ್ಕ ಇಂಟರ್ನೆಟ್ ಬೇಕಾಗಂಗಿಲ್ರಿ ಮೇಡಮ್. ಬೀಗ ಹಾಕೂದು, ತಗಿಯೂದು ಎಲ್ಲಾ ಈ ಬ್ರೌಸರಿನೊಳಗ, ನಿಮ್ಮ ಮಷೀನಿನಾಗ ಆಗತೈತಿ. ಹೊರಗ ಒಂದ ಅಕ್ಷರನೂ ಹೋಗಂಗಿಲ್ಲ.” ಬೀಗದ ಕೈ ತಯಾರಾಗಬೇಕಾದರೆ ಮೌಸನ್ನು ಮನಸ್ಸಿಗೆ ಬಂದಂತೆ ಓಡಿಸಬೇಕಾಗಿತ್ತು. ಗೊತ್ತುಗುರಿಯಿಲ್ಲದೆ ಓಡಿಸಿದಷ್ಟೂ ಬೀಗ ಗಟ್ಟಿಯಂತೆ. ಅವಳ ಕೈ ಮಾತ್ರ ಒಂದೇ ಕಡೆ ಗುಂಡಗೆ ತಿರುಗುತ್ತಿತ್ತು. “ಹಂಗಲ್ರಿ, ಹುಚ್ಚು ಹಿಡದವರ ಗತೆ ಓಡಿಸ್ರಿ” ಎಂದು ನಕ್ಕಿದ್ದ. ಕನ್ನಡದಲ್ಲಿ ಬರೆದರೆ ಆ ಪುಟ ಎಲ್ಲವನ್ನೂ ಪ್ರಶ್ನಾರ್ಥಕ ಚಿಹ್ನೆ ಮಾಡಿಬಿಡುತ್ತಿತ್ತು. ಅದಕ್ಕೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಪಾಸ್‌ವರ್ಡು ಒಂದು ಪೂರ್ತಿ ವಾಕ್ಯವಾಗಿರಲಿ, ಯಾರೂ ಊಹಿಸಲಾರದ್ದು, ನೀವು ಮಾತ್ರ ಮರೆಯಲಾರದ್ದು ಎಂದು ಹೇಳಿ ಆ ಕಡೆ ಮುಖ ತಿರುಗಿಸಿ ನಿಂತ. ಅನ್ನಪೂರ್ಣಾಳ ಬೆರಳು ತಡವರಿಸಲಿಲ್ಲ. ‘ನಾನು ಚಹಾ ಕುಡಿಯಲು ಹೋಗಿದ್ದೆ’ ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆದಳು. ಅಂದಿನಿಂದ ದಿನಕ್ಕೊಮ್ಮೆ ಅದನ್ನು ಹೊಡೆಯುತ್ತಾಳೆ. ಪರದೆಯ ಮೇಲೆ ಬರೀ ಚುಕ್ಕಿಗಳು ಬೀಳುತ್ತವೆ. ಹೋಗುವ ಮುಂಚೆ ಸುಭಾಸ ಇನ್ನೊಂದು ಮಾತು ಹೇಳಿದ್ದ. ಒಬ್ಬೊಬ್ಬರ ಹೆಸರನ್ನು ಬೇರೆ ಬೇರೆಯಾಗಿ ಮುಚ್ಚಿಡಿ, ಒಬ್ಬರದನ್ನು ತೆಗೆದಾಗ ಇನ್ನೊಬ್ಬರದು ಕಾಣಬಾರದು. ಅವಳು ಹದಿನೈದು ದಿನ ಹಾಗೆ ಮಾಡಿದಳು. ಮಷೀನು ನಿಧಾನ, ಕರೆಂಟು ಯಾವಾಗ ಹೋಗುತ್ತದೋ ಎಂಬ ಧಾವಂತ, ಬೇಸರ. ಎಲ್ಲವನ್ನೂ ಒಂದೇ ಪಟ್ಟಿ ಮಾಡಿ ಒಂದೇ ಬೀಗ ಹಾಕಿದಳು. ಯಾರಿಗೆ ತಾನೇ ತೋರಿಸಬೇಕಾಗಿತ್ತು?

ಹೋದ ಜನವರಿಯಲ್ಲಿ ನವಿಲುತೀರ್ಥದ ಕಾಲುವೆ ಕಚೇರಿಯಲ್ಲಿ ಅವಳು ಭಾಷಣ ಮಾಡಿದ್ದಳು. ಮದುವೆಗೆ ಮುಂಚೆ ಜಾತಕ ನೋಡುವವರು ರಕ್ತವನ್ನೂ ನೋಡಿಸಿಕೊಳ್ಳಬೇಕು, ಅದರಲ್ಲಿ ನಾಚಿಕೆಯೇನೂ ಇಲ್ಲ ಎಂದಿದ್ದಳು. ಮೂವತ್ತು ಜನ ಕೇಳಿಸಿಕೊಂಡು ಒಬ್ಬನೇ ಒಬ್ಬ ಬಂದ, ಅಲ್ಲಿ ಕಾಲುವೆಗೆ ನೀರು ಬಿಡುವ ಲೆಕ್ಕ ಬರೆಯುತ್ತಿದ್ದ ಮಹಾದೇವ. “ನೀವ ಹೇಳಿದ್ರಲ್ರಿ ಅಕ್ಕಾರ, ಮನ್ಯಾಗ ಹೆಣ್ಣ ನೋಡಾಕ ಹತ್ಯಾರ, ಅದಕ್ಕ ಬಂದೆ” ಎಂದು ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿದ. ರೋಗವಿಲ್ಲ ಎಂದು ಬಂತು. ಇನ್ನೂರ ಹದಿನೇಳು. ಅದಾದ ಎರಡೇ ದಿನಕ್ಕೆ ಸಾಲಹಳ್ಳಿಯಿಂದ ಅಂದಾನೆಪ್ಪ ಮಾವ ಬಂದ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿದ ಸೋದರಮಾವ, ಗಂಡನ ಮನೆ ಬಿಟ್ಟು ಬಂದಾಗ ಬಾಗಿಲು ತೆರೆದವನು. ಆರು ತಿಂಗಳಿಂದ ಜ್ವರ, ಮೈ ಇಳಿದುಹೋಗಿತ್ತು. “ಬ್ಯಾರೆ ಕಡೆ ಹ್ಯಾಂಗ ಹೋಗ್ಲಿ, ನೀ ಇದ್ದೀ ಅಂತ ಬಂದೇನಿ” ಎಂದ. ರೋಗ ಇದೆ ಎಂದು ಬಂತು. ಇನ್ನೂರ ಹತ್ತೊಂಬತ್ತು. ಎದುರಿಗೆ ಕೂತವನಿಗೆ ಅವಳು ಬೇರೆಯವರಿಗೆ ಹೇಳುವುದನ್ನೇ ಹೇಳಿದಳು, ಅತ್ತೆಯನ್ನು ಕರೆತನ್ನಿ, ಅವರ ರಕ್ತವನ್ನೂ ನೋಡಬೇಕು. ಮಾವ ಎದ್ದು ಅವಳ ತಲೆಯ ಮೇಲೆ ಕೈ ಇಟ್ಟ. “ಕರಕೊಂಡ ಬರತೇನಿ. ಅಲ್ಲೀತನಾ ನಿಮ್ಮ ಅತ್ತಿಗೆ ಇದು ತಿಳೀಬಾರ್ದು, ನನ್ನ ಮ್ಯಾಲೆ ಆಣಿ.” ಕರೆತರಲಿಲ್ಲ. ಅವಳು ನಾಲ್ಕು ಸಲ ಫೋನು ಮಾಡಿದಳು. ಸುಗ್ಗಿ ಎಂದ, ಬಿತ್ತನೆ ಎಂದ, ಆಮೇಲೆ ಅವಳ ದನಿ ಕೇಳಿದರೆ ಫೋನು ಇಡತೊಡಗಿದ. ರೋಗಿಯ ಒಪ್ಪಿಗೆಯಿಲ್ಲದೆ ಯಾರಿಗೂ ಹೇಳಕೂಡದು ಎಂದು ತರಬೇತಿಯಲ್ಲಿ ಕೊಟ್ಟ ಪುಸ್ತಕದಲ್ಲಿತ್ತು. ಆ ಪುಟವನ್ನು ಅವಳು ಎಷ್ಟೋ ಸಲ ಓದಿದಳು. ನಿಯಮ ಅಲ್ಲಿರುವುದು ತನಗೆ ಅನುಕೂಲವಾಗಲಿ ಎಂದೇ ಅನ್ನಿಸುವಷ್ಟು ಸಲ.

ಆಮೇಲೆ ಮಾವನ ಮಗಳು ಶೀತಲಳಿಗೆ ಗಂಡು ಗೊತ್ತಾಯಿತು ಎಂದು ಸುದ್ದಿ ಬಂತು. ಗಂಡು ಅದೇ ಮಹಾದೇವ. ಜೂನಿನಲ್ಲಿ ತಂಗೆವ್ವ ಅತ್ತೆ ಒಬ್ಬಳೇ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಬಂದಳು. ಚೀಲದಿಂದ ಶೇಂಗಾ ಹೋಳಿಗೆ ತೆಗೆದಿಟ್ಟು, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಅನ್ನಕ್ಕಾ, ನಿನ್ನ ಮುಂದ ಮುಚ್ಚಿಡೂದೇನೈತಿ. ಓಣ್ಯಾಗಿನ ಕೃಷ್ಣವ್ವ ಆ ಹುಡುಗನ್ನ ನಿಮ್ಮ ದವಾಖಾನಿ ಬಾಗಲದಾಗ ನೋಡ್ಯಾಳಂತ. ಆ ಬ್ಯಾನಿ ಐತೇನ ಅವಗ? ಹೌದು ಇಲ್ಲ, ಎರಡರಾಗ ಒಂದ ಹೇಳಿಬಿಡು.” ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಇಲ್ಲದವರಿಗೆಲ್ಲ ಇಲ್ಲ ಎಂದು ಹೇಳುತ್ತಾ ಹೋದರೆ, ಹೇಳದೆ ಬಿಟ್ಟವರೆಲ್ಲ ಇದ್ದವರೆಂದೇ ಆಗುವುದಿಲ್ಲವೇ? “ಯಾರ ವಿಷಯನೂ ನಾ ಹೇಳಬಾರದ್ರಿ ಅತ್ತಿ, ಎಲ್ಲಾ ಕಂಪ್ಯೂಟರದಾಗ ಬೀಗ ಹಾಕಿಟ್ಟೇನಿ” ಎಂದಳು. ಹೇಳುತ್ತಾ ಅತ್ತೆಯ ಮುಖ ನೋಡಿದಳು. ಹಣೆಯ ಮೇಲೆ ವಿಭೂತಿ, ಕೆಳಗೆ ಕುಂಕುಮ, ಗಲ್ಲದ ಮೂಳೆ ಮೊದಲಿಗಿಂತ ಎದ್ದು ಕಾಣುತ್ತಿತ್ತು. ಯಾಕೆ ಸೊರಗಿದ್ದಾಳೆ? ಯಾವಾಗಿನಿಂದ? ಅನ್ನಪೂರ್ಣಾಳ ಕಣ್ಣು ತುಂಬಿಬಂತು, ತುಟಿ ಅದುರಿತು. ತಂಗೆವ್ವ ಅದನ್ನು ನೋಡಿದಳು. ನೋಡಿ, ನಿಧಾನವಾಗಿ ಚೀಲ ಮಡಚಿಕೊಂಡಳು. “ಬೀಗ ಹಾಕಿಯಂದ ಮ್ಯಾಲೆ ಒಳಗ ಏನರೆ ಇರಬೇಕಲ್ಲ. ತಿಳೀತು ಬಿಡವಾ. ನಿನ್ನ ಮಾರಿನ ಹೇಳತೈತಿ.”

ಸಂಬಂಧ ಮುರಿಯಿತು. ಹಠ ಮಾಡಿ ಮುರಿದವನು ಮಾವನೇ ಎಂದು ಆಮೇಲೆ ಗೊತ್ತಾಯಿತು. ‘ಅಂಥಾವನ ಮನಿಗೆ ನನ್ನ ಮಗಳನ್ನ ಕೊಡೂದಿಲ್ಲ’ ಎಂದು ಹತ್ತು ಜನರ ಮುಂದೆ ಕೂಗಿದನಂತೆ. ಮಹಾದೇವ ಬೆಳಗಾವಿಗೆ ಹೋಗಿ ಮತ್ತೊಮ್ಮೆ ರಕ್ತ ಕೊಟ್ಟು ಚೀಟಿ ತಂದ. ಯಾರದೋ ರಕ್ತ ಕೊಟ್ಟು ತಂದಾನ ಎಂದರು. ಕಚೇರಿಯಲ್ಲಿ ಅವನ ನೀರಿನ ಲೋಟ ಬೇರೆಯಾಯಿತು. ಕೊನೆಗೆ ಅವನು ಅನ್ನಪೂರ್ಣಾಳ ಬಾಗಿಲಿಗೆ ಬಂದು ನಿಂತ. ಅಂಗಿ ಇಸ್ತ್ರಿಯಾಗಿರಲಿಲ್ಲ. “ನಂದು ನನಗ ತೋರಿಸಾಕ ನನ್ನ ಒಪ್ಪಿಗಿ ಐತಲ್ರಿ. ಅವರನ್ನ ಕರಕೊಂಡ ಬರತೇನಿ, ಅವರ ಮುಂದನ ಬೀಗ ತಗದು ತೋರಸ್ರಿ.” ಒಲ್ಲೆ ಎನ್ನಲು ಯಾವ ನಿಯಮವೂ ಉಳಿದಿರಲಿಲ್ಲ.

ಹನ್ನೊಂದು ಹೊಡೆಯಿತು, ಕರೆಂಟು ಬರಲಿಲ್ಲ. ಹನ್ನೊಂದೂಕಾಲಿಗೆ ಮೂವರೂ ಬಂದರು, ಮಹಾದೇವ, ತಂಗೆವ್ವ, ಶೀತಲ. ಮಾವ ಬಂದಿರಲಿಲ್ಲ. ತಂಗೆವ್ವ ಗೋಡೆಗೆ ಒರಗಿ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡಳು. ರಾಮದುರ್ಗದಲ್ಲಿ ಬಿ.ಎ. ಓದುತ್ತಿದ್ದ ಶೀತಲ ಕೂರಲಿಲ್ಲ. ಕರೆಂಟೇ ಬರದಿದ್ದರೆ, ಇವತ್ತೆಲ್ಲ ಬರದಿದ್ದರೆ ಎಂದು ಅನ್ನಪೂರ್ಣಾ ಎಣಿಸುತ್ತಿರುವಾಗಲೇ ತಲೆಯ ಮೇಲಿನ ಫ್ಯಾನು ಗರ್ ಎಂದು ತಿರುಗತೊಡಗಿತು. ಕಂಪ್ಯೂಟರು ಏಳಲು ಐದು ನಿಮಿಷ ತೆಗೆದುಕೊಂಡಿತು. ಅವಳು ಪರದೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಳು.

“ತಿರುಗಿಸಿಕೋಬ್ಯಾಡ್ರಿ ಅಕ್ಕಾರ” ಎಂದ ಮಹಾದೇವ. “ಆ ಕಡೆ ಕುಂತು ಏನೋ ಬರದು ಈ ಕಡೆ ತೋರಿಸಿದ್ರು ಅಂತಾರ. ಮುಚ್ಚಿದ್ದು ತಗಿಯೂದನ್ನ ಅವರು ಕಣ್ಣಲೆ ನೋಡ್ಲಿ.”

“ಅದೂ ಖರೇನ ಐತಿ” ಎಂದಳು ತಂಗೆವ್ವ.

“ಒಂದ ನಿಮಿಷ ತಡೀರಿ, ಒಂದ ಸಾಲ ಬ್ಯಾರೆ ಮಾಡಿ...”

“ಯಾಕ ಬ್ಯಾರೆ ಮಾಡಬೇಕು?” ಮಹಾದೇವನ ದನಿ ಒಡೆಯಿತು. “ಇನ್ನೂ ಎಷ್ಟ ದಿನ ಮುಚ್ಚಿಡ್ತೀರಿ?”

ಪರದೆಯನ್ನು ಅವನೇ ತಿರುಗಿಸಿದ. ಬ್ರೌಸರಿನ ಪುಟದಲ್ಲಿ ಅರ್ಥವಿಲ್ಲದ ಅಕ್ಷರಗಳು ಇರುವೆ ಮುತ್ತಿದಂತೆ ತುಂಬಿದ್ದವು. ಅವಳು ವಾಕ್ಯವನ್ನು ಹೊಡೆದಳು, ಚುಕ್ಕಿಗಳು ಬಿದ್ದವು, ಒಂದು ಅಕ್ಷರ ತಪ್ಪಿತು, ಮತ್ತೆ ಹೊಡೆದಳು. ಬೇಗ ಬೇಗ ಕೆಳಗೆ ಸರಿಸಿ ಇನ್ನೂರ ಹದಿನೇಳಕ್ಕೆ ಬಂದಾಗ ಕೈ ನಿಂತಿತು. ನಂಬರು, ಹೆಸರು, ಊರು, ತಾರೀಖು, ಕೊನೆಗೆ ಒಂದು ಅಕ್ಷರ. ಎನ್ ಎಂದರೆ ಇಲ್ಲ, ಪಿ ಎಂದರೆ ಇದೆ. ಅದನ್ನು ಅವಳು ಮಹಾದೇವನಿಗೆ ಹಿಂದೆಯೇ ತಿಳಿಸಿದ್ದಳು. ಅವನು ಬೆರಳಿಟ್ಟು ಗಟ್ಟಿಯಾಗಿ ಓದಿದ. “ಮಹಾದೇವ. ನವಿಲುತೀರ್ಥ. ಎನ್. ಇಲ್ಲಂತ ಅರ್ಥ. ನೋಡ್ರಿ ಅತ್ತೀರ.” ಅನ್ನಪೂರ್ಣಾ ಸೆರಗಿನ ತುದಿಯನ್ನು ಪರದೆಯ ಕೆಳಭಾಗಕ್ಕೆ, ಇನ್ನೂರ ಹತ್ತೊಂಬತ್ತರ ಮೇಲೆ, ಒತ್ತಿ ಹಿಡಿದಿದ್ದಳು. ತೆಳು ವಾಯಿಲ್ ಸೀರೆ. ಬೆಳಕು ಅದರೊಳಗಿಂದ ಬರುತ್ತಿತ್ತು.

ತಂಗೆವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವಳು ಅಕ್ಷರ ನೋಡಲಿಲ್ಲ, ಹುಡುಗನನ್ನು ನೋಡಿದಳು. “ಅಂದ್ರ ನೀ ಇಲ್ಲಿಗೆ ಬಂದಿದ್ದು ಖರೆ ಆತು.”

“ಬಂದಿದ್ದೇನಿ. ಆದ್ರ ಇಲ್ಲ ಅಂತ ಐತಲ್ರಿ!”

“ಏನೂ ಮಾಡಲಾರದಾವ ಯಾಕ ಬರತಾನಪಾ ಇಂಥಾ ಕಡೆ? ಅಂಜಿಕಿ ಇತ್ತು, ಬಂದಿ. ಈ ಸಲ ಇಲ್ಲ ಅಂದೈತಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವೇ ಇತ್ತು. “ಮತ್ತ ಕಂಪ್ಯೂಟರದಾಗಿಂದು ಬರದಾಕೀನೂ ಇಕಿನ, ಅಳಸಾಕೀನೂ ಇಕಿನ. ನಾ ಏನಂತ ನಂಬ್ಲಿ?”

ಮಹಾದೇವ ಮೇಜಿನ ಅಂಚು ಹಿಡಿದು ನಿಂತಿದ್ದವನು ಕೈ ಬಿಟ್ಟ. ಅವನೇ ಕೇಳಿ ಬೀಗ ತೆಗೆಸಿದ್ದ. ಇಲ್ಲಿಯವರೆಗೆ ಕೃಷ್ಣವ್ವನ ಮಾತಾಗಿದ್ದದ್ದು ಈಗ ಬರಹವಾಯಿತು. ಭಾಷಣ ಮಾಡಿ ಕರೆದವಳು ನಾನೇ ಎಂದು ಅನ್ನಪೂರ್ಣಾ ಹೇಳಲು ಹೊರಟಳು. ಹೇಳಿದಳು ಕೂಡ. ಆದರೆ ಅಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿಕೊಂಡು ಓಣಿಯ ತಿರುವಿನಲ್ಲಿದ್ದ.

ತಿರುಗಿ ನೋಡಿದಾಗ ಶೀತಲ ಪರದೆಯ ಮುಂದೆಯೇ ನಿಂತಿದ್ದಳು. ಸೆರಗು ಯಾವಾಗಲೋ ಜಾರಿಹೋಗಿತ್ತು. ಹುಡುಗಿಯ ತುಟಿ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿರುವಂತೆ ಮೆಲ್ಲಗೆ ಅಲುಗಿತು. ಅನ್ನಪೂರ್ಣಾ ಧಾವಿಸಿ ಸ್ವಿಚ್ಚು ಆರಿಸಿದಳು. ಶೀತಲ ಕದಲಲಿಲ್ಲ.

“ಏನ ಐತವಾ ಅದರಾಗ, ಹಂಗ್ಯಾಕ ನಿಂತಿ?” ಎಂದಳು ತಂಗೆವ್ವ.

“ಏನಿಲ್ಲವ್ವಾ. ಎಲ್ಲಾ ಇಂಗ್ಲಿಷಿನಾಗ ಐತಿ.” ನಂತರ ಅನ್ನಪೂರ್ಣಾಳ ಮೊಣಕೈ ಹಿಡಿದು ಅಡುಗೆಯ ಮೂಲೆಗೆ ಕರೆದೊಯ್ದಳು. ಹಿಡಿತ ಬಿಗಿಯಾಗಿತ್ತು. “ಜನವರಿ ಅಂತ ಐತಿ. ಈಗ ಜುಲೈ. ಆರ ತಿಂಗಳ ನೀ ಸುಮ್ನಿದ್ದೆ?”

“ಮಾವ ಆಣಿ ಹಾಕಿದ್ರು. ನಿಯಮ ಅಂತ...”

“ನಮ್ಮವ್ವನ್ನ ನೋಡು ಒಮ್ಮೆ. ಅಕಿ ನಿನಗ ಏನ ಆಗಬೇಕು?” ಹುಡುಗಿ ಅಳಲಿಲ್ಲ. ಅತ್ತಿದ್ದರೆ ಅನ್ನಪೂರ್ಣಾಳಿಗೆ ಸಮಾಧಾನ ಹೇಳುವ ಕೆಲಸವಾದರೂ ಸಿಗುತ್ತಿತ್ತು. “ಮದವಿ ಮುರದದ್ದಕ್ಕ ನಾ ಅಳಲಿಲ್ಲ. ಈಗ ಹೇಳು. ನೀ ಹೇಳತೀಯೋ, ನಾ ಹೇಳ್ಲೋ?”

ಅನ್ನಪೂರ್ಣಾಳೇ ಹೇಳಿದಳು. ನೂರಾರು ಜನರಿಗೆ ಹೇಳಿದ ಮಾತುಗಳು, ಮೊದಲು ಏನು, ಆಮೇಲೆ ಏನು ಎಂದು ಕ್ರಮ ಇದ್ದ ಮಾತುಗಳು. ಒಂದೂ ನೆನಪಾಗಲಿಲ್ಲ. ಅತ್ತೆಯ ಎದುರು ನೆಲದ ಮೇಲೆ ಕೂತು, “ಅತ್ತಿ, ಮಾವ ಬಂದಿದ್ರು” ಎಂದಳು. ಅಷ್ಟೇ. ತಂಗೆವ್ವ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು. ಬಹಳ ಹೊತ್ತು ಅನ್ನಪೂರ್ಣಾಳ ಮುಖವನ್ನೇ ನೋಡಿದಳು, ಹೋದ ತಿಂಗಳು ತಪ್ಪು ಓದಿದ್ದನ್ನು ಮತ್ತೊಮ್ಮೆ ಓದುವವಳಂತೆ. “ಅವತ್ತ ನೀ ಅತ್ತದ್ದು ಆ ಹುಡುಗನ ಸಲುವಾಗಿ ಅಲ್ಲ” ಎಂದಳು.

ಮರುದಿನ ಸೋಮವಾರ ತಂಗೆವ್ವ ಕೇಂದ್ರದಲ್ಲಿ ರಕ್ತ ಕೊಟ್ಟಳು. ತೋಳು ಚಾಚುವಾಗ ಬಳೆಗಳನ್ನು ತಾನೇ ಹಿಂದಕ್ಕೆ ಸರಿಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಚೀಟಿ ಬಂತು. ಅನ್ನಪೂರ್ಣಾ ಅದನ್ನು ಎರಡು ಕೈಯಲ್ಲಿ ಹಿಡಿದು ಒಳಗೆ ಬಂದಾಗ ತಂಗೆವ್ವ ಏನೂ ಕೇಳದೆಯೇ ತಲೆಯಾಡಿಸಿದಳು. ಶೀತಲ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಾ ನಿಂತಳು. ಗುಳಿಗೆಯ ವಿಷಯ, ಧಾರವಾಡದ ದವಾಖಾನೆಯ ವಿಷಯ, ಇನ್ನೂ ಎಷ್ಟೋ ವರ್ಷ ಬದುಕಬಹುದೆಂಬ ವಿಷಯ ಅನ್ನಪೂರ್ಣಾ ಹೇಳುತ್ತಾ ಹೋದಳು. ತಂಗೆವ್ವ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಸೆರಗನ್ನು ತಲೆಯ ಮೇಲೆಳೆದುಕೊಂಡಳು.

“ಗುಳಿಗಿ ತುಗೋತೇನಿ. ಆದ್ರ ನನಗ ಗೊತ್ತಾಗೇತಿ ಅಂತ ನಿಮ್ಮ ಮಾವಗ ಹೇಳಬ್ಯಾಡ. ಅವರು ನನ್ನ ಮಾರಿ ನೋಡಲಾರದಂಗ ಆಗತಾರ. ಒಂದ ಮನ್ಯಾಗ ಇರಬೇಕಲ್ಲ.”

“ಅತ್ತಿ, ಮಹಾದೇವ...” ಎಂದಳು ಅನ್ನಪೂರ್ಣಾ. “ಅವನ ತಪ್ಪ ಏನೂ ಇಲ್ಲಂತ ಊರಾಗ ನೀವರೆ ಒಂದ ಮಾತ ಹೇಳಿದ್ರ...”

“ಏನಂತ ಹೇಳ್ಲಿ? ಅನ್ನಕ್ಕನ ಕಣ್ಣೀರು ನಮ್ಮ ಮನಿ ಸಲುವಾಗಿ ಇತ್ತಂತ, ಆ ಹುಡುಗನ ಸಲುವಾಗಿ ಅಲ್ಲಂತ ಹೇಳ್ಲಿ? ಈ ಹುಡುಗಿನ್ನ ಆಮ್ಯಾಲೆ ಯಾರು ಮಾಡಕೋತಾರ?” ತಂಗೆವ್ವ ಮಗಳ ಬೆನ್ನನ್ನು ನೋಡಿದಳು. “ಅವ ಗಂಡಸು. ತಡಕೋತಾನ.”

ಕಿಟಕಿಯಲ್ಲಿದ್ದ ಶೀತಲ ತಿರುಗಿದಳು. ಏನೋ ಹೇಳುತ್ತಾಳೆ ಎಂದು ಅನ್ನಪೂರ್ಣಾ ಕಾದಳು. ಅವಳಾದರೂ ಹೇಳಲಿ ಎಂದು ಹಾರೈಸಿದಳು. ಶೀತಲ ಅವ್ವನ ಚೀಲವನ್ನು ಎತ್ತಿಕೊಂಡು, “ನಡಿಯವ್ವಾ, ಎರಡರ ಬಸ್ಸು ಹೋಗತೈತಿ” ಎಂದಳು. ಅನ್ನಪೂರ್ಣಾ ಬಸ್‌ಸ್ಟ್ಯಾಂಡಿನವರೆಗೆ ಅವರ ಜೊತೆ ನಡೆದುಹೋದಳು.

ಮಹಾದೇವನಿಗೆ ಬೇರೆ ಹೆಣ್ಣು ಸಿಗಲಿಲ್ಲ ಎಂದು ಆಗಾಗ ಕಿವಿಗೆ ಬೀಳುತ್ತಿತ್ತು. ದೀಪಾವಳಿ ಕಳೆದ ಮೇಲೆ ಒಂದು ದಿನ ಯರಗಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಅವನೇ ಅವಳನ್ನು ಗುರುತಿಸಿ ಹತ್ತಿರ ಬಂದ. ಗಡ್ಡ ಬಿಟ್ಟಿದ್ದ. ಕಿತ್ತೂರಿನ ಕಡೆ ಬದಲಿ ಕೇಳಿದ್ದೇನೆ, ಅಲ್ಲಿ ಯಾರಿಗೂ ಗುರುತಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ.

“ಅಕ್ಕಾರ, ಒಂದ ಕೇಳ್ಲಿ? ಅವತ್ತ ಕಣ್ಣಾರೆ ನೋಡಿದ ಮ್ಯಾಲೂ ಅವರು ಯಾಕ ಒಪ್ಪಲಿಲ್ಲ? ನನಗ ತಿಳೀಲಾರದ್ದು ಮತ್ತೇನರೆ ಇತ್ತೇನ್ರಿ?”

ಸುತ್ತ ಜನ, ಕಂಡಕ್ಟರುಗಳ ಕೂಗು, ರಾಮದುರ್ಗದ ಬಸ್ಸಿನ ಹೊಗೆ. ಇಷ್ಟು ಸರಳವಾಗಿ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ.

“ಇಲ್ಲಪಾ” ಎಂದಳು ಅನ್ನಪೂರ್ಣಾ. “ಮತ್ತೇನೂ ಇರಲಿಲ್ಲ.”

ಅವನು ತಲೆಯಾಡಿಸಿದ. “ನೀವೊಬ್ರರೆ ನನ್ನ ಪರ ಖರೆ ತೋರಿಸಿದ್ರಿ. ಅದನ್ನ ಮರಿಯಂಗಿಲ್ಲ” ಎಂದ. ಅಷ್ಟರಲ್ಲಿ ಬೈಲಹೊಂಗಲದ ಬಸ್ಸು ಬಂತು, ಜನ ಬಾಗಿಲಿಗೆ ಮುತ್ತಿದರು. ಮಹಾದೇವ ನುಗ್ಗಿ ಕಿಟಕಿಯೊಳಗಿಂದ ಹೆಗಲ ಮೇಲಿನ ಟವೆಲ್ ಎಸೆದು ಸೀಟು ಹಿಡಿದ, ಅವಳ ಚೀಲವನ್ನು ತಾನೇ ಒಳಗೆ ಕೊಟ್ಟ. ಅನ್ನಪೂರ್ಣಾ ಹತ್ತಿ ಹೋಗಿ ಟವೆಲ್ ಎತ್ತಿ ಕಿಟಕಿಯಿಂದ ಅವನಿಗೆ ಕೊಟ್ಟಳು. ಅವನು ಅದನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಬಸ್ಸು ಹೊರಡುವವರೆಗೂ ಕೆಳಗೆ ನಿಂತೇ ಇದ್ದ.